ತಲೆಕೆಳಗಾದ ಅಂಗಿ

ನನ್ನ ಓರಗಿತ್ತಿಗೆ ಮಾತು ಬಹಳ ಕಡಿಮೆ. ಊರ ಮಕ್ಕಳ ಎದೆಯ ಮೇಲೆಲ್ಲ ಮಾತು ಅಚ್ಚು ಹಾಕುವವಳು ಮಾತ್ರ ಅವಳೇ. ಪುಟ್ಟ ಮಕ್ಕಳ ಟೀಶರ್ಟುಗಳ ಮೇಲೆ ‘ಈ ಮನೆಗೆ ನಾನೇ ಯಜಮಾನ’, ‘ಅಪ್ಪನ ಜೇಬಿಗೆ ಕತ್ತರಿ’, ‘ಕೆನ್ನೆ ಹಿಂಡಿದರೆ ಕಿರುಚುತ್ತೇನೆ’ ಎಂದೆಲ್ಲ ಬರೆದಿರುತ್ತದಲ್ಲ, ಅದು ಅವಳ ಕೈಕೆಲಸ. ಅವಳ ಗಂಡ, ಅಂದರೆ ನನ್ನ ಮೈದುನ, ಲಾರಿ ಓಡಿಸುತ್ತಾನೆ. ಮನೆಗಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಮನೆಯ ಮುಂದಿನ ಕೋಣೆಯೇ ನಮಗೆ ಕಾರ್ಖಾನೆ, ಅದೇ ಅಂಗಡಿ. ಅವಳು ಅಚ್ಚು ಹಾಕುತ್ತಾಳೆ. ನಾನು ಅಂಗಿ ಮಡಿಸುತ್ತೇನೆ, ಗಿರಾಕಿಗಳ ಜೊತೆ ಬಾಯಿ ಮಾಡುತ್ತೇನೆ. ಬಾಯಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ ಎನ್ನುತ್ತಾರೆ ನನ್ನ ಯಜಮಾನರು. ಹೊಗಳಿಕೆ ಎಂದೇ ನಾನು ತೆಗೆದುಕೊಂಡಿದ್ದೇನೆ.

ಅವಳ ಕೆಲಸ ನೋಡುವುದಕ್ಕೆ ಸುಲಭ. ಅಂಗಿಯ ಆಕಾರದ ಹಲಗೆಗೆ ಅಂಗಿ ತೊಡಿಸಬೇಕು, ಸುಕ್ಕು ಸವರಬೇಕು, ತೆಳು ಜಾಲರಿ ಬಿಗಿದ ಚೌಕಟ್ಟನ್ನು ಅದರ ಮೇಲೆ ಇಳಿಸಿ ಬಣ್ಣ ಸುರಿದು ರಬ್ಬರ್ ಪಟ್ಟಿಯನ್ನು ಒಂದೇ ಬೀಸಿಗೆ ಎಳೆಯಬೇಕು. ಜಾಲರಿಯಲ್ಲಿ ಅಕ್ಷರದ ಜಾಗ ಮಾತ್ರ ತೆರೆದಿರುವುದರಿಂದ ಅಷ್ಟೇ ಅಂಗಿಗೆ ಇಳಿಯುತ್ತದೆ. ಒಂದು ಸಲ ನಾನೂ ಎಳೆಯಲು ಹೋಗಿ ‘ಯಜಮಾನ’ ಎನ್ನುವುದನ್ನು ಗೊಜ್ಜು ಮಾಡಿಟ್ಟೆ. ಹಾಗೆ ಕದಡಿಹೋದ ಅಂಗಿಗಳೆಲ್ಲ ಅವಳ ಮಗಳ ಪಾಲು. ಆ ಮಗುವನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ಆಗ ತಾನೇ ಶಿಶುವಿಹಾರಕ್ಕೆ ಸೇರಿದ್ದಳು.

ಈ ಬರಹದ ಅಂಗಿಗಳ ವಿಷಯದಲ್ಲಿ ಹೆತ್ತವರಿಗೆ ಇರುವ ಅಭಿಪ್ರಾಯಗಳನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಮ್ಮ ಬೀದಿಯ ಬ್ಯಾಂಕಿನ ಗುಮಾಸ್ತರು, “ಇದ್ರಲ್ಲೇನ್ರೀ ತಪ್ಪು? ನೋಡಿದೋರು ನಗ್ತಾರೆ, ಮಗೂನ ಮಾತಾಡಿಸ್ತಾರೆ” ಎನ್ನುವರು. ಆಸ್ಪತ್ರೆಯ ನರ್ಸಮ್ಮ ಮುಖಕ್ಕೆ ಹೊಡೆದ ಹಾಗೆ, “ನನ್ನ ಮಗು ಗೋಡೆ ಅಲ್ಲ, ಸಿಕ್ಕಿದ್ದೆಲ್ಲ ಬರೆಯೋಕೆ. ಓದೋಕೇ ಬರದ ಮಗು ಹೆಸರಲ್ಲಿ ನಾವ್ಯಾಕೆ ಮಾತಾಡ್ಬೇಕು?” ಎಂದು ಸಾದಾ ಅಂಗಿ ಒಯ್ಯುವರು. ಒಂದು ಜೋಡಿಯಂತೂ ‘ನಾನು ಅಪ್ಪನ ಪಾರ್ಟಿ’ ಎಂಬ ಅಂಗಿ ಹಿಡಿದು ಅಂಗಡಿಯಲ್ಲೇ ಜಗಳಕ್ಕೆ ನಿಂತಿತು. “ರಾತ್ರಿಯೆಲ್ಲ ಎದ್ದು ಕೂರೋಳು ನಾನು, ಪಾರ್ಟಿ ಮಾತ್ರ ನಿಮ್ದಾ?” ಎಂದಳು ಆ ತಾಯಿ. ನಾನು ‘ಅಮ್ಮನ ಪಾರ್ಟಿ’ಯನ್ನೂ ತೆಗೆದು ಇಬ್ಬರಿಗೂ ಒಂದೊಂದು ಕಟ್ಟಿ ಕಳಿಸಿದೆ. ನನಗೆ ಸ್ವಂತ ಅಭಿಪ್ರಾಯ ಅಂತ ಏನೂ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ‘ಅಳುಮುಂಜಿ’. ದಪ್ಪ ಅಕ್ಷರ, ಕೆಳಗೆ ತುಟಿ ಊದಿಸಿಕೊಂಡ ಒಂದು ಮುಖ, ಕೆನ್ನೆಯ ಮೇಲೆ ನೀಲಿ ಹನಿ. ಒಂದರಲ್ಲಿ ಆ ಹನಿ ಹರಡಿ ಕಿವಿಯವರೆಗೂ ಹೋಗಿತ್ತು, ಅದು ಗುಬ್ಬಿಗೆ ಬಂತು. ಶಿಶುವಿಹಾರದ ಗೇಟಿನಲ್ಲಿ ದಿನಾ ಅಳುತ್ತಿದ್ದ ಹುಡುಗಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ನಾನೇ ನಕ್ಕೆ. ಅದನ್ನು ತೊಟ್ಟು ನನ್ನ ಜೊತೆ ಪೇಟೆಗೆ ಬಂದ ದಿನ ಬಸ್ಸಿನ ಕಂಡಕ್ಟರ್, “ಏನಮ್ಮಾ ಅಳುಮುಂಜಿ, ಎಲ್ಲಿಗೆ ಸವಾರಿ?” ಎಂದ. ಔಷಧಿ ಅಂಗಡಿಯಾತ, “ಅಳುಮುಂಜಿಗೊಂದು ಚಾಕಲೇಟು” ಎಂದು ಕೈಗಿಟ್ಟ. ಎಲ್ಲರದೂ ಮುದ್ದೇ, ಯಾರ ಮಾತಿನಲ್ಲೂ ಕೇಡಿರಲಿಲ್ಲ.

ಮನೆಗೆ ಬಂದು ಕಾಲು ತೊಳೆಸುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು. “ದೊಡ್ಡಮ್ಮಾ, ನಾನು ಬಸ್ಸಲ್ಲಿ ಅಳ್ಲೇ ಇಲ್ಲ. ಆದ್ರೂ ಆ ಮಾಮಂಗೆ ಹೇಗೆ ಗೊತ್ತಾಯ್ತು?”

“ಏನು ಗೊತ್ತಾಯ್ತು?”

“ನಾನು ಅಳುಮುಂಜಿ ಅಂತ. ಎಲ್ಲಾರ್ಗೂ ಗೊತ್ತು. ನನ್ ಮುಖದಲ್ಲಿ ಕಾಣ್ಸತ್ತಾ?” ಎಂದು ಒದ್ದೆ ಕೈಯಲ್ಲಿ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

ಮುಖದಲ್ಲಲ್ಲ ಕಂದ, ಅಂಗಿ ಮೇಲೆ ಬರೆದಿದೆ ಎಂದೆ. ಬಗ್ಗಿ ನೋಡಿಕೊಂಡು, “ಎಲ್ಲಿ? ಬರೀ ಗೀರಿದೆ” ಎಂದಳು. ಅಂಗಿ ಬಿಚ್ಚಿ ತೋರಿಸಿದರೂ ನಂಬಲಿಲ್ಲ. ಮರುದಿನದಿಂದ ಅವಳು ಬೀದಿಗೆ ಕಾಲಿಡಲಿಲ್ಲ. ಗಿರಾಕಿಗಳು ಬಂದರೆ ಮುಖ ಮುಚ್ಚಿಕೊಂಡು ಮೇಜಿನ ಕೆಳಗೆ ನುಸುಳುವಳು. ಶಿಶುವಿಹಾರಕ್ಕೆ ಎತ್ತಿಕೊಂಡೇ ಹೋಗಬೇಕಾಯಿತು. ಅಲ್ಲಿನ ಟೀಚರ್ ಒಳ್ಳೆಯವರು, ಆದರೂ ಅವರಿಗೂ ಸಾಕಾಗಿತ್ತು. “ಊಟದ ಹೊತ್ತಿನವರೆಗೂ ಅಳ್ತಾಳೆ. ಇನ್ನು ಸ್ವಲ್ಪ ದಿನ ನೋಡೋಣ, ಆಗ್ದಿದ್ರೆ ಮುಂದಿನ ವರ್ಷ ಕರ್ಕೊಂಡ್ಬನ್ನಿ” ಎಂದರು.

ಆ ಸಂಜೆ ನಾನು ಬಸ್ಸಿನ ಕಥೆಯನ್ನೂ ಗುಬ್ಬಿಯ ಪ್ರಶ್ನೆಯನ್ನೂ ಓರಗಿತ್ತಿಗೆ ಹೇಳಿದೆ. ಎಳೆಯುತ್ತಿದ್ದ ರಬ್ಬರ್ ಪಟ್ಟಿ ಅರ್ಧಕ್ಕೇ ನಿಂತಿತು. ಅವಳು ಅಷ್ಟುದ್ದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಅಕ್ಕಾ, ನಂಗೆ ಮಾತು ಬಂದಿದ್ದೇ ತಡ. ಎಲ್ಲಾರೂ ಮುದ್ದಿಗೇ ಮೂಗಿ ಮೂಗಿ ಅಂತಿದ್ರು. ಮಾತು ಬಂದ್ಮೇಲೂ ಅದೇ ಹೆಸ್ರು. ಹೇಗೂ ಮೂಗಿ ಅಲ್ವಾ, ಮಾತಾಡಿ ಏನಾಗ್ಬೇಕು ಅಂತ ಸುಮ್ಮನಾಗ್ಬಿಟ್ಟೆ. ಇವ್ಳೂ ನನ್ ಹಾಗೇ ಮೂಲೆ ಸೇರ್ತಾಳೆ ನೋಡು.”

ಹಾಗೆಂದವಳೇ ‘ಅಳುಮುಂಜಿ’ಯ ಚೌಕಟ್ಟನ್ನು ಹಿತ್ತಿಲಿಗೆ ಒಯ್ದು, ಅಚ್ಚು ಕರಗಿಸುವ ಔಷಧಿ ಸವರಿ ನೀರು ಬಿಟ್ಟಳು. ನೀಲಿ ಹನಿ ಮೊದಲು ಹೋಯಿತು, ಆಮೇಲೆ ಅಕ್ಷರ. “ತಲೆ ಕೆಟ್ಟಿದ್ಯಾ ನಿಂಗೆ? ಓಡೋ ಕುದುರೆ ಕಾಲನ್ನೇ ಮುರೀತಿದ್ದೀಯಲ್ಲ!” ಎಂದು ನಾನು ಕೂಗಾಡಿದೆ. ಅವಳು ಜಾಲರಿ ಉಜ್ಜುತ್ತಲೇ ಇದ್ದಳು. ನಾನೂ ಹೆಚ್ಚು ಹೊತ್ತು ಕೂಗಲಿಲ್ಲ, ಯಾಕೆಂದರೆ ನನ್ನ ಕಣ್ಣೂ ತುಂಬಿಬಂದಿತ್ತು.

ಚೌಕಟ್ಟು ತೊಳೆದರೆ ಮಗುವಿನ ಮನಸ್ಸು ತೊಳೆದಂತಾಗುವುದಿಲ್ಲವಲ್ಲ. ಗುಬ್ಬಿಯ ಅಳು ನಿಲ್ಲಲಿಲ್ಲ. ಗೇಟಿನಲ್ಲಿ ಯಾಕೆ ಅಳ್ತೀಯೇ ಎಂದು ಮೇಜಿನ ಕೆಳಗೆ ಬಗ್ಗಿ ಕೇಳಿದೆ. “ಅಮ್ಮ ಬರ್ತೀನಿ ಅಂತಾಳೆ. ಅಂದ್ಬಿಟ್ಟು ಹೋಗ್ತಾಳೆ” ಎಂದಳು. ನನಗೆ ನಗು ಬಂತು, ಆಮೇಲೆ ನಗು ಇಂಗಿಹೋಯಿತು. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ನಮಗೆಲ್ಲ ಬೈದು ಕಲಿಸಿದ್ದಾರೆ. ಅದು ಕೇಳುವವರಿಗೆ ಸುಳ್ಳಾಗಿ ಕಾಣಬಹುದು ಎಂದು ಯಾರಿಗೆ ಹೊಳೆದಿತ್ತು?

ಹೀಗಿರುವಾಗ ಒಂದು ಮಧ್ಯಾಹ್ನ ‘ಅಮ್ಮನ ಮುದ್ದು’ ಎಂಬ ಅಂಗಿಗಳ ಕೆಲಸ ನಡೆದಿತ್ತು. ಆ ‘ಅಪ್ಪನ ಪಾರ್ಟಿ’ಯ ಗಂಡ ಹೆಂಡತಿ ಮತ್ತೆ ಬಂದು, ಅಳತೆ ಚಿಕ್ಕದಾಯಿತೆಂದು ವಾದಕ್ಕಿಳಿದರು. ನಾನೂ ದನಿ ಏರಿಸಿದೆ. ಆ ಗಲಾಟೆಯಲ್ಲಿ ಓರಗಿತ್ತಿ ಒಂದು ಅಂಗಿಯನ್ನು ಹಲಗೆಗೆ ಮೇಲುಕೆಳಗಾಗಿ ತೊಡಿಸಿದಳು, ಕುತ್ತಿಗೆ ಇರಬೇಕಾದ ಕಡೆ ಅಂಚು. ಬರಹ ತಲೆಕೆಳಗಾಗಿ ಬಿತ್ತು. ಒಣಗಿದ ಮೇಲೆ ಅದೂ ಗುಬ್ಬಿಯ ಪಾಲಾಯಿತು.

ಗುಬ್ಬಿ ಅದನ್ನು ತಲೆಯಿಂದ ಎಳೆದುಕೊಂಡು ಬಗ್ಗಿ ನೋಡಿದಳು. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಗಿದಳು. “ಅಮ್ಮಾ! ಇದು ನನ್ ಕಡೆ ತಿರುಗಿದೆ!” ಶಿಶುವಿಹಾರದಲ್ಲಿ ಅಳುವಿನ ನಡುವೆಯೂ ಒಂದೆರಡು ಅಕ್ಷರ ಕಿವಿಗೆ ಬಿದ್ದಿದ್ದವು. ಬೆರಳಿಟ್ಟು, “ಅ... ಮ್ಮ” ಎಂದು ಓದಿದಳು. ಅವಳು ಓದಿದ ಮೊದಲ ಮಾತು ಅದು.

ಓರಗಿತ್ತಿ ಬಣ್ಣದ ಕೈಯಲ್ಲೇ ಅವಳೆದುರು ಕೂತಳು. “ನಿಂಗೆ ಏನು ಬರೆದುಕೊಡ್ಲಿ, ಚಿನ್ನ?”

ಇಷ್ಟು ಜನ ಹೆತ್ತವರು ನಮ್ಮ ಅಂಗಡಿಯಲ್ಲಿ ನಿಂತು ವಾದ ಮಾಡಿದ್ದಾರೆ, ತೊಡುವ ಮಗುವನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಗುಬ್ಬಿ ‘ಅಮ್ಮ’ದ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. “ಅಮ್ಮ ಬರ್ತಾಳೆ ಅಂತ ಬರಿ. ‘ಬರ್ತೀನಿ’ ಬೇಡ. ‘ಬರ್ತಾಳೆ’ ಅಂತ. ನನ್ ಕಡೆ ತಿರುಗಿಸಿ ಬರಿ.”

ಮೊದಲ ದಿನ ಅವಳು ಅಳಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತಳು, ಆದರೆ ಬಗ್ಗಿ ಓದಿಕೊಳ್ಳುತ್ತ ಅತ್ತಳು. ಓದುವುದು, ಅಳುವುದು ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ಮಧ್ಯಾಹ್ನ ಅಮ್ಮ ಬಂದಳು. ಮರುದಿನವೂ ಬಂದಳು. ಅಂಗಿಯ ಮಾತು ನಿಜವಾಗುತ್ತ ಹೋಯಿತು. ಮುಂದಿನ ವರ್ಷದ ಮಾತನ್ನು ಟೀಚರ್ ಮತ್ತೆ ಎತ್ತಲಿಲ್ಲ. ಮೇಜಿನ ಕೆಳಗಿನ ಜಾಗದಲ್ಲಿ ಈಗ ಬಣ್ಣದ ಡಬ್ಬಗಳನ್ನು ಇಟ್ಟಿದ್ದೇವೆ.

ಗುಮಾಸ್ತರು ಆ ಅಂಗಿ ನೋಡಿ, “ಏನ್ರೀ ಇದು, ತಲೆಕೆಳಗಾಗಿದೆ? ಓದೋಕೇ ಆಗಲ್ಲ” ಎಂದರು. “ನೀವು ಓದೋಕಲ್ಲ ಸ್ವಾಮಿ, ತೊಟ್ಟೋರು ಓದೋಕೆ” ಎಂದೆ. ಅಷ್ಟರಲ್ಲಿ ನನ್ನ ಓರಗಿತ್ತಿ, ಆ ಮೂಗಿ, ಹಲಗೆ ಬಿಟ್ಟು ಮುಂದೆ ಬಂದು ಅವರ ಮಗನನ್ನೇ ಕೇಳಿದಳು, “ನಿಂಗೆ ಏನು ಬೇಕೋ ಮರಿ?” ಅವನು ಥಟ್ಟನೆ, “ಹೊಟ್ಟೆ ತುಂಬಿದೆ ಅಂತ” ಎಂದ. ಊಟಕ್ಕೆ ಕೂತರೆ ಇನ್ನೊಂದು ತುತ್ತು ಎಂದು ಅವನ ಬಾಯಿಗೆ ತುರುಕುವ ಗುಮಾಸ್ತರು ಪೆಚ್ಚಾಗಿ ನಕ್ಕರು. ಈಗ ಮಕ್ಕಳನ್ನು ಮಾತಾಡಿಸುವುದು ಅವಳದೇ ಕೆಲಸ, ದೊಡ್ಡವರನ್ನು ಸುಮ್ಮನಿರಿಸುವುದು ನನ್ನದು. ನರ್ಸಮ್ಮ ಕೂಡ ತಮ್ಮ ಮಗನನ್ನು ಕರೆತಂದಿದ್ದರು. ಅವನು ಏನೂ ಬೇಡ ಎಂದ. ಸಾದಾ ಅಂಗಿಯನ್ನೇ ಕೊಟ್ಟೆವು.

ಮೊನ್ನೆ ಗುಬ್ಬಿಯನ್ನು ಶಿಶುವಿಹಾರಕ್ಕೆ ಬಿಡಲು ನಾನು ಹೋಗಿದ್ದೆ. ಹೊಸದಾಗಿ ಸೇರಿದ ಒಂದು ಮಗು ಗೇಟಿನ ಸರಳು ಹಿಡಿದು ಬಿಕ್ಕುತ್ತಿತ್ತು. ಗುಬ್ಬಿ ನನ್ನ ಕೈ ಬಿಟ್ಟು ಅದರ ಎದುರು ಹೋಗಿ ಎದೆ ಮುಂದೆ ಮಾಡಿ ನಿಂತಳು. ಎದುರಿನಿಂದ ಅದಕ್ಕೆ ಏನು ತಿಳಿಯಬೇಕು? ಅವಳಿಗೇ ಹೊಳೆದಿರಬೇಕು, ಪಕ್ಕಕ್ಕೆ ಬಂದು ಹೆಗಲಿಗೆ ಹೆಗಲು ತಾಗಿಸಿ ನಿಂತು, ಅಂಗಿಯ ಅಂಚನ್ನು ಮುಂದಕ್ಕೆ ಎಳೆದು, ಬೆರಳಿಟ್ಟು ಓದಿದಳು. “ಅಮ್ಮ ಬರ್ತಾಳೆ.”

ಆ ಮಗು ಮೂಗು ಸೊರಸೊರ ಎಳೆಯುತ್ತ, “ಯಾರಮ್ಮ?” ಎಂದಿತು.

ಗುಬ್ಬಿ ಮತ್ತೊಮ್ಮೆ ಬಗ್ಗಿ ಸರಿಯಾಗಿ ನೋಡಿದಳು. “ಹೆಸ್ರು ಬರ್ದಿಲ್ಲ. ನಿಮ್ಮಮ್ಮಾನೂ ಇರ್ಬೇಕು” ಎಂದಳು.