ಮೈಕಿಗೆ ಕೇಳಿಸಿದ ಆದಿತಾಳ

ಅಮೆರಿಕದ ಆನ್ ಆರ್ಬರ್‌ನ ಒಂದು ಚರ್ಚಿಗೆ ಊಟ ತಲುಪಿಸಲು ಹೋಗಿದ್ದೆ. ಆರ್ಡರ್ ಕೊಟ್ಟವಳು ನಮ್ಮವರ ಹುಡುಗಿ ಮೇಘನಾ. ಇಲ್ಲೇ ಹುಟ್ಟಿ ಬೆಳೆದವಳು, ಯುರೋಪಿನ ಹಳೆಯ ಚರ್ಚ್ ಸಂಗೀತದಲ್ಲಿ ಸಂಶೋಧನೆ ಮಾಡಿದ್ದಾಳೆ. ಶಿಕಾಗೊದ ಕಾಲೇಜೊಂದರ ಕೆಲಸಕ್ಕೆ ಅಂದು ಸಂಜೆಯೊಳಗೆ ತಾನು ಹಾಡಿಸಿದ ರೆಕಾರ್ಡಿಂಗ್ ಕಳಿಸಬೇಕಿತ್ತು. ಆ ಸಂಗೀತದ ಬಗ್ಗೆ ಲೈಬ್ರರಿ ಪುಸ್ತಕ ತಂದು ನಾನೂ ಓದಿಕೊಂಡಿದ್ದೆ. ಕೇಳಿಯೇ ಹೋಗೋಣವೆಂದು ಮುಂದಿನ ಬೆಂಚಿನಲ್ಲಿ ಕೂತೆ.

ಮೈಕಿನ ಮುಂದೆ ನಿಂತ ನಾಲ್ವರು ಹಾಡು ಶುರುಮಾಡಿದ ಸ್ವಲ್ಪ ಹೊತ್ತಿಗೇ ಮೇಘನಾ ಕೈಯೆತ್ತಿ ನಿಲ್ಲಿಸಿದಳು.

"ಆಂಟಿ, ಯು ಆರ್ ಟ್ಯಾಪಿಂಗ್. ಮೈಕಲ್ಲಿ ಬರ್ತಿದೆ."

ನೋಡಿದರೆ ನನ್ನ ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು. ಸಂಗೀತ ಕಚೇರಿಗಳಲ್ಲಿ ಕೂತು ಬಂದ ಅಭ್ಯಾಸ. "ತಾಳ ಏನೂ ತಪ್ಪಿಲ್ಲವಲ್ಲಮ್ಮ," ಎಂದೆ.

"ಈ ಹಾಡಿಗೆ ತಾಳಾನೇ ಇಲ್ಲ ಆಂಟಿ!"

"ಮತ್ತೆ ನಾಲ್ಕು ಜನ ಒಟ್ಟಿಗೆ ಹೇಗೆ ಹಾಡ್ತಾರೆ?"

"ಒಬ್ಬರ ಉಸಿರು ಒಬ್ಬರು ಕೇಳಿಸ್ಕೊಂಡು. ನಿಮ್ಮ ಟ್ಯಾಪಿಂಗ್ ಕೇಳಿ ಅವರು ಫಾಸ್ಟ್ ಆಗ್ತಿದಾರೆ. ಪ್ಲೀಸ್ ಆಂಟಿ, ನನ್ನ ಜಾಬ್ ವಿಷಯ. ಹೊರಗೆ ಕೂತ್ಕೋತೀರಾ?"

ಹೊರಗೆ ಹೋಗಿ ಅಂದರೆ ಹೋಗುವವಳಲ್ಲ ನಾನು. ಎರಡೂ ಕೈ ತೊಡೆಯಡಿ ಸೇರಿಸಿ ಅಲ್ಲೇ ಕೂತೆ. ಈ ಸಲ ಹಾಡು ಕೊನೆಯವರೆಗೂ ಸಾಗಿತು. ರೆಕಾರ್ಡಿಂಗ್ ಸಮಯಕ್ಕೆ ಹೋಯಿತು, ಆಮೇಲೆ ಕೆಲಸವೂ ಸಿಕ್ಕಿತು.

ಆದರೂ ಆ ಹಾಡು ಆದಿತಾಳದ ಎಂಟಕ್ಷರಕ್ಕೆ ಸರಿಯಾಗಿಯೇ ಕೂರುತ್ತದೆ. ಅಂದು ಅಲ್ಲೇ ಶೂ ಒಳಗೆ ಕಾಲ್ಬೆರಳಲ್ಲಿ ತಾಳ ಹಾಕಿ ನೋಡಿದ್ದೇನೆ. ಅದು ಮೈಕಿಗೆ ಕೇಳಿಸಲಿಲ್ಲ.