ತುರ್ತು ಸುದ್ದಿಯ ಕವರು ಮತ್ತು ಒಂದು ಕುಳ್ಳ ಗಿಡ

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉದ್ದಿನಬೇಳೆಯ ಡಬ್ಬಿಗೆ ಒರಗಿಕೊಂಡು, ಒಂದು ಹಳೆಯ ಖಾಕಿ ಕವರು ನಿಂತಿದೆ. ಅದರ ಮೇಲೆ ನನ್ನದೇ ಕೈಬರಹದ ಕೆಂಪು ಶಾಯಿಯಲ್ಲಿ ‘ತುರ್ತು ಸುದ್ದಿ’ ಎಂದಿದೆ. ಕೆಳಗೆ ತುಮಕೂರಿನ ನಮ್ಮ ಪತ್ರಿಕಾ ಕಚೇರಿಯ ವಿಳಾಸ. ಒಳಗಿರುವುದು ಸುದ್ದಿಯಲ್ಲ, ಬೀಜ. ಅದೇ ಬೀಜದಿಂದ ಹುಟ್ಟಿದ ಮೊಣಕಾಲೆತ್ತರದ ಗಿಡವೊಂದು ಕಿಟಕಿಯಾಚೆ ಒಡೆದ ಬಕೆಟ್ಟಿನಲ್ಲಿದೆ. ಮನೆಗೆ ಬಂದವರು ಅದರ ಐದು ಬೆರಳಿನ, ಅಂಚೆಲ್ಲ ಗರಗಸದಂತಿರುವ ಎಲೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಾರೆ. ನಾನು ಉತ್ತರವನ್ನು ಸ್ವಲ್ಪ ತಡಮಾಡುತ್ತೇನೆ. ಅವಸರದ ಉತ್ತರ ಎಷ್ಟು ದೂರ ಓಡಿಸುತ್ತದೆಂಬುದನ್ನು ಕಲಿಸಿದ್ದೇ ಈ ಕವರು.

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನಿಂದ ಗುಬ್ಬಿ, ಕುಣಿಗಲ್ ಕಡೆ ಓಡಾಡುವ ವರದಿಗಾರ. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. ಕಚೇರಿಯವರು ಬಸ್ ನಿಲ್ದಾಣಕ್ಕೆ ಬಂದು ಇಸಿದುಕೊಳ್ಳುತ್ತಿದ್ದರು. ಹೀಗಾಗಿ ನಮ್ಮ ಗಡಿಯಾರವೆಂದರೆ ಬಸ್ಸೇ. ಒಂದು ಆಷಾಢದ ಮಧ್ಯಾಹ್ನ, ಹಗಲಿಡೀ ಬಿಡದ ಸೋನೆ, ಕಿವಿ ಕೊರೆಯುವ ಗಾಳಿ. ಗುಬ್ಬಿಯ ಠಾಣೆಯಲ್ಲಿ ಎಲ್ಲರೂ ದಫೇದಾರ್ರು ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮೇಜಿನ ಮೇಲೆ ಒಂದು ರೆಂಬೆ ಇಟ್ಟುಕೊಂಡು ಕೂತಿದ್ದರು. ಗೋಡೆಯ ಮೇಲಿನ ತಿಳಿವಳಿಕೆ ಚಿತ್ರದಲ್ಲಿ ಗಾಂಜಾ ಎಲೆ. ಮೇಜಿನ ಮೇಲೂ ಅಂಥದೇ ಎಲೆ. ದರ್ಜಿ ದಸ್ತಗೀರ್ ಸಾಬರ ಹಿತ್ತಲಿನಲ್ಲಿ ಮೊಣಕಾಲುದ್ದಕ್ಕೆ ಸಾಲಾಗಿ ಬೆಳೆದಿದೆಯಂತೆ.

“ಗಾಂಜಾ ಆಳುದ್ದ ಬೆಳೀತದಲ್ವಾ? ಇದು ಮೊಣಕಾಲುದ್ದ ಅಂತೀರಲ್ಲ?” ಎಂದೆ.

“ಹೈಬ್ರಿಡ್ ಕಣ್ರೀ ಸಾರ್. ಕುಳ್ಳ ತಳಿ. ಈ ಚಳಿಗೆ, ತ್ಯಾವಕ್ಕೆ ಅಂತ್ಲೇ ಮಾಡವ್ರೆ,” ಎಂದರು ದಫೇದಾರ್ರು.

ಆ ಕಾಲವನ್ನು ಕಂಡವರಿಗೆ ಗೊತ್ತು, ಅರ್ಥವಾಗದ್ದಕ್ಕೆಲ್ಲ ನಾವು ಇಡುತ್ತಿದ್ದ ಹೆಸರು ಹೈಬ್ರಿಡ್. ಕೆಡದ ಟೊಮೆಟೊ ಹೈಬ್ರಿಡ್, ಬೇಗ ಹೊಂಬಾಳೆ ಬಿಟ್ಟ ತೆಂಗು ಹೈಬ್ರಿಡ್, ಅಪ್ಪನ ಮಾತು ಕೇಳದ ಮಗನೂ ಹೈಬ್ರಿಡ್. ಆ ಪದ ಬಂದ ಮೇಲೆ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ನನಗೂ ಬರಲಿಲ್ಲ. ‘ತಂಪು ಮತ್ತು ತೇವದ ಹವೆಗೆ ಒಗ್ಗುವ ಗಿಡ್ಡ ಮಿಶ್ರತಳಿಯ ಗಾಂಜಾ’ ಎಂದು ಗಿಡವನ್ನು ನಾನೇ ಬಿತ್ತಿ ಬೆಳೆದವನಂತೆ ಬರೆದು, ದಸ್ತಗೀರರ ಹೆಸರು ಸೇರಿಸಿ, ಹೊರಡಲು ಗುಟುರು ಹಾಕುತ್ತಿದ್ದ ಬಸ್ಸಿಗೆ ಕವರು ಕೊಟ್ಟೆ. ಆಮೇಲೆ, ಆರೋಪಕ್ಕೆ ಗುರಿಯಾದವನ ಮಾತನ್ನೂ ಕೇಳಬೇಕೆಂಬ ನಿಯಮ ನೆನಪಾಗಿ, ದಫೇದಾರ್ರ ಜೊತೆ ಸಾಬರ ಮನೆಗೆ ಹೊರಟೆ. ಮೊದಲು ಕೇಳುವುದು, ಆಮೇಲೆ ಬರೆಯುವುದು ಎಂಬ ಕ್ರಮವನ್ನು ಬಸ್ಸಿನ ಹಾರನ್ ಸದ್ದು ತಲೆಕೆಳಗು ಮಾಡಿತ್ತು.

ದಸ್ತಗೀರ್ ಸಾಬರು ಮಷೀನಿನ ಮುಂದಿದ್ದರು. ಪಕ್ಕದಲ್ಲಿ ಶಾಲೆಯ ಮಕ್ಕಳ ನೀಲಿ ಸಮವಸ್ತ್ರದ ರಾಶಿ. ವರ್ಷದ ಅನ್ನವೆಲ್ಲ ಆ ರಾಶಿಯಲ್ಲೇ.

“ಹಿತ್ತಲಲ್ಲಿ ಏನ್ ಬೆಳ್ದಿದೀರಿ ಸಾಬ್ರೇ?” ಎಂದೆ.

“ಅಂಬಾಡಿ ಸೊಪ್ಪು ಸಾರ್. ಯಾಕೆ, ಬೇಕಿತ್ತಾ?”

“ಸೊಪ್ಪಂತೆ ಸೊಪ್ಪು! ಚಿತ್ರ ನಾನೂ ನೋಡಿದೀನಿ ಕಣ್ರೀ, ಐದ್ ಬೆರಳು,” ಎಂದರು ದಫೇದಾರ್ರು.

ಒಳಗಿನಿಂದ ಸಾಬರ ಹೆಂಡತಿ ಬೀಬಿಜಾನ್ ಬಂದರು. “ನಿಮ್ ಕೈಯಲ್ಲೂ ಐದೇ ಬೆರಳಿರೋದು ದಫೇದಾರ್ರೇ. ಅದೂ ಗಾಂಜಾನಾ?”

ಹಿತ್ತಲಿಗೆ ಕರೆದೊಯ್ದು, ಒಂದೊಂದು ಎಲೆ ಕಿತ್ತು, “ಬಾಯ್ಗ್ ಹಾಕ್ಕೊಳ್ಳಿ ಬೇಟಾ,” ಎಂದು ಇಬ್ಬರ ಕೈಗೂ ಇಟ್ಟರು. ಕಚ್ಚಿದ್ದೇ ತಡ, ದವಡೆಯ ಮೂಲೆಯವರೆಗೂ ಹುಳಿ ಓಡಿತು. ದಫೇದಾರ್ರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. “ಅಬ್ಬಾ, ಹುಣಸೇಹಣ್ಣೇ ಸೋತೋಯ್ತದೆ ಬುಡಿ ಇದ್ರ್ ಮುಂದೆ!” ಅದು ಉತ್ತರದವರು ಪುಂಡಿ ಎನ್ನುವ ಸೊಪ್ಪು. ಬೀಬಿಜಾನ್ ಅವರ ತವರು ಕಲಬುರಗಿ ಕಡೆ. ಬೀಜ ಅಲ್ಲಿಂದ ಬಂದದ್ದು. ನಮ್ಮ ಸೀಮೆಯ ಕಣ್ಣಿಗೆ ಅದರ ಪರಿಚಯವಿರಲಿಲ್ಲ.

“ಇಷ್ಟ್ ಕುಳ್ಳಗೆ ಯಾಕಿದೆ?” ಎಂದೆ, ನನ್ನ ತಳಿಶಾಸ್ತ್ರದ ಕೊನೆಯ ಆಸರೆಗೆ ಜೋತುಬಿದ್ದು.

“ಸಾರಿಗೆ ಅಂತ ದಿನಾ ತುದಿ ಚಿವುಟ್ತೀವಲ್ಲ ಸಾರ್. ಗೋಡೆ ಸಂದಿ, ಬಿಸ್ಲಿಲ್ಲ, ಮೇಲೇಳೋದೆಂಗೆ? ಬುಟ್ರೆ ಆಳುದ್ದ ಹೋಗ್ತದೆ,” ಎಂದರು ದಸ್ತಗೀರ್. ಆಮೇಲೆ ನನ್ನ ಮುಖವನ್ನು ಓದಿದವರಂತೆ ದನಿ ತಗ್ಗಿಸಿದರು. “ಪೇಪರಿಗೆ ಕೊಟ್ಬಿಟ್ರಾ? ನಮ್ ಹೆಡ್‌ಮಾಸ್ಟ್ರು ಬೆಳಿಗ್ಗೆ ಮೊದ್ಲು ನೋಡೋದೇ ಪೇಪರು.”

ಗಾಂಜಾ ಬೆಳೆಯುವವನಿಗೆ ಮಕ್ಕಳ ಬಟ್ಟೆಯ ಅಳತೆ ತೆಗೆಯಲು ಯಾವ ಶಾಲೆ ಬಿಟ್ಟೀತು? ತಿದ್ದುಪಡಿ ಹಾಕಬಹುದಿತ್ತು ನಿಜ. ಆದರೆ ಸುದ್ದಿಗೆ ನಾಲ್ಕು ಕಾಲಂ ಸಿಕ್ಕರೆ ತಿದ್ದುಪಡಿಗೆ ಸಿಕ್ಕುವುದು ನಾಲ್ಕು ಸಾಲು, ಅದೂ ಯಾರೂ ಓದದ ಮೂಲೆಯಲ್ಲಿ. ಫೋನು ಮಾಡೋಣವೆಂದರೆ ಮಳೆಗೆ ಬೂತಿನ ಲೈನು ಸತ್ತಿತ್ತು. “ಹತ್ತಿ ಸಾರ್,” ಎಂದು ದಫೇದಾರ್ರೇ ತಮ್ಮ ಬೈಕು ಒದ್ದರು. ನೀರು ಎರಚುತ್ತಾ, ಅಡ್ಡ ಬಂದ ಎಮ್ಮೆಗಳಿಗೂ ಇಲಾಖೆಯ ಭಾಷೆಯಲ್ಲೇ ಗದರುತ್ತಾ, ಅವರು ತುಮಕೂರಿನ ಗುಬ್ಬಿ ಗೇಟಿನಲ್ಲಿ ಬಸ್ಸಿಗೆ ಅಡ್ಡ ನಿಂತರು.

“ಏನ್ ಸಾರ್, ನಿಮ್ ಸುದ್ದೀನ ನೀವೇ ಅರೆಸ್ಟ್ ಮಾಡ್ಸ್ತಿದೀರಾ?” ಎಂದು ನಕ್ಕ ಕಂಡಕ್ಟರ್ ಕವರನ್ನು ಕಿಟಕಿಯಿಂದ ಇಳಿಸಿದ. ಅದಿನ್ನೂ ತೆರೆದಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಗುಬ್ಬಿಯಿಂದ ಸುದ್ದಿಯೇ ಇರಲಿಲ್ಲ. ನನ್ನ ವೃತ್ತಿಜೀವನದಲ್ಲಿ ನಾನು ಅಷ್ಟು ಅಕ್ಕರೆಯಿಂದ ಓದಿದ ಸಂಚಿಕೆ ಬೇರೊಂದಿಲ್ಲ.

ಮುಂದಿನ ವಾರ ಆ ಕವರನ್ನು ದಸ್ತಗೀರರ ಕೈಗೇ ಕೊಟ್ಟು ತಪ್ಪೊಪ್ಪಿಕೊಂಡೆ. ಅವರು ಒಳಗಿನ ಹಾಳೆಯನ್ನು ನಿಧಾನವಾಗಿ ಓದಿದರು. “ನಮ್ ಸೊಪ್ಪಿಗೆ ಎಷ್ಟ್ ದೊಡ್ಡ ಹೆಸರಿಟ್ಟಿದೀರಿ ಸಾರ್!” ಎಂದವರೇ ಹಾಳೆಯನ್ನು ಒಲೆಯ ಬಳಿಗೆ ಕಳಿಸಿದರು, ಕವರನ್ನು ಮಡಿಸಿ ಮಷೀನಿನ ಡ್ರಾಯರಿಗೆ ಹಾಕಿಕೊಂಡರು.

ವರ್ಷಗಳ ಮೇಲೆ ಕುಣಿಗಲ್ ತಾಲ್ಲೂಕಿನ ಅಮೃತೂರು ಕಡೆಯ ತೆಂಗಿನ ತೋಟವೊಂದರಲ್ಲಿ ನಿಜವಾದ ಗಾಂಜಾ ಸಿಕ್ಕಿತು. ಆಳೆತ್ತರದ ಗಿಡ. ನಾನು ಹತ್ತಿರ ಹೋಗಿ ಎಲೆಯನ್ನು ಉಜ್ಜಿ ಮೂಸಿದೆ. ಕೈ ತೊಳೆದರೂ ಹೋಗದ ಆ ಘಾಟು ಮೂಗಿಗೆ ಹತ್ತಿತು. ತೋಟದವನ ಮಾತು ಕೇಳಿದೆ, ಪಕ್ಕದ ತೋಟದವರ ಮಾತೂ ಕೇಳಿದೆ. ಆಮೇಲೆ ಬರೆದೆ, ಒಂದು ಪದಕ್ಕೂ ಅಳುಕದೆ. ಆ ಹೊತ್ತಿಗೆ ಎರಡು ಬಸ್ಸು ಹೊರಟುಹೋಗಿದ್ದವು. ಹೋಗಲಿ. ಸುದ್ದಿಗೆ ಇನ್ನೊಂದು ಬಸ್ಸು ಇದ್ದೇ ಇರುತ್ತದೆ, ಮನುಷ್ಯನಿಗೆ ಇನ್ನೊಂದು ಹೆಸರು ಇರುವುದಿಲ್ಲ.

ಕವರು ಮತ್ತೆ ನನ್ನ ಬಳಿ ಹೇಗೆ ಬಂತೆಂದು ಕೇಳುತ್ತೀರಿ. ಬಸ್ಸಿನ ಹಿಂದೆ ಓಡಿದ ಆ ಆಷಾಢ ಕಳೆದು, ಗಿಡ ಹೂಬಿಟ್ಟು, ಕಾಯಿ ಒಣಗುವ ಚಳಿಗಾಲದಲ್ಲಿ ಗುಬ್ಬಿಯ ಬಸ್ಸಿನಲ್ಲಿ, ಅದೇ ಕಂಡಕ್ಟರ್ ಕೈಯಲ್ಲಿ, ಅದು ನಮ್ಮ ಕಚೇರಿಗೆ ಬಂತು. ‘ತುರ್ತು ಸುದ್ದಿ’ ಎಂದು ಹಾಗೇ ಇತ್ತು; ಬಾಯಿಯನ್ನು ನೀಲಿ ನೂಲಿನಲ್ಲಿ ಅಚ್ಚುಕಟ್ಟಾಗಿ ಹೊಲಿದಿದ್ದರು. ಸಮವಸ್ತ್ರದ ನೂಲು. ಒಳಗೆ ಒಂದು ಹಿಡಿ ಬೀಜ.

ಅಂದಿನಿಂದ ಪ್ರತಿ ಮಳೆಗಾಲ ನಾಲ್ಕು ಬೀಜ ಬಿತ್ತುತ್ತೇನೆ, ಚಳಿಗಾಲದಲ್ಲಿ ಹೊಸ ಬೀಜ ತುಂಬಿಡುತ್ತೇನೆ, ನಡುವೆ ತುದಿ ಚಿವುಟಿ ಗಿಡವನ್ನು ಕುಳ್ಳಗೇ ಇಡುತ್ತೇನೆ. ನೀವು ಬಂದಾಗಲೂ ಹುಬ್ಬು ಹಾರಿಸಿ, ಬೇಸರವಿಲ್ಲ. ಮೊದಲು ಒಂದು ಎಲೆ ಕೊಡುತ್ತೇನೆ. ನಿಮ್ಮ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡ ಮೇಲೆಯೇ ಕಥೆ ಶುರು.