ರುಮಾಲಿನ ಗಂಟು

ನಿಂಬರ್ಗಾ ರಸ್ತೆಯ ಬದಿಯ ಪಂಚಾಯತಿ ಸಾಗವಾನಿ ತೋಪಿಗೆ ಬೇಲಿ ಇಲ್ಲ. ಕಾವಲುಗಾರ ಕಾಸಿಮಸಾಬ ಇದ್ದಾನೆ. ವರ್ಷವರ್ಷವೂ ಅದೇ ತಗ್ಗಿನಲ್ಲಿ ಸಸಿ ನಿಲ್ಲಿಸಿ ಫೋಟೊ ಹೊಡೆಸಿಕೊಳ್ಳುವ ದೊಡ್ಡ ಮನುಷ್ಯರು ಇವನನ್ನೊಮ್ಮೆ ನೋಡಿ ಹೋಗಬೇಕು. ಆರುನೂರು ಮರಗಳಲ್ಲಿ ಯಾವುದಕ್ಕೆ ನೆಗಡಿಯಾಗಿದೆ ಎಂಬುದೂ ಅವನಿಗೆ ಗೊತ್ತು. ಕಡಿಯುವ ಅಪ್ಪಣೆ ಮಾತ್ರ ಅವನ ರುಮಾಲಿನದು. ಗ್ರಾಮಸಭೆ ಠರಾವು ಮಾಡಿದ ಅಳತೆಗೆ ಅದರಲ್ಲೊಂದು ಗಂಟು ಹಾಕಿದ್ದಾನೆ. ಸುತ್ತಿದಾಗ ಗಂಟಿನವರೆಗಿನ ಬಟ್ಟೆ ಸಾಲದಷ್ಟು ದಪ್ಪವಾದ ಮರಕ್ಕೆ ಮಾತ್ರ ಕೊಡಲಿ, ಅದೂ ಶಾಲೆಯ ಬೆಂಚಿಗೆ. ಒಮ್ಮೆ ಅಧ್ಯಕ್ಷರೇ ಬಂದು, “ಕಾಸಿಮಾ, ನಮ್ಮ ಹೊಸ ಮನಿ ಚೌಕಟ್ಟಿಗಿ ಒಂದ್ ಮರ ತೋರಸಲೇ” ಎಂದರು. ಅವರೆದುರೇ ಒಂದು ಮರಕ್ಕೆ ರುಮಾಲು ಸುತ್ತಿ, “ಇದಕ್ಕಿನ್ನಾ ಉಮರ್ ಆಗಿಲ್ರಿ ಸಾವಕಾರ್ರ, ಇನ್ನಾ ಸಣ್ಣದೈತಿ” ಎಂದ. “ನಿನ್ನ ರುಮಾಲೇನ್ ತಹಶೀಲ್ದಾರ ಏನಲೇ?” “ತಹಶೀಲ್ದಾರಗ ಬದ್ಲಿ ಆಗ್ತದರಿ, ಇದಕ್ಕ ಆಗಂಗಿಲ್ಲ.” ಅಧ್ಯಕ್ಷರು ಬೈಯುತ್ತ ಹೋದರು, ಊರು ಒಂದು ವಾರ ನಕ್ಕಿತು. ಹೋದ ವರ್ಷ ಅವನ ಹೆಂಡತಿ ಮೆಹರಾಜಬೇಗಂ ತೀರಿಕೊಂಡಳು. ಗೋರಿಯೊಳಗೆ ಮಣ್ಣು ಬೀಳದಂತೆ ಹಾಸುವ ಹಲಗೆಗೆ ಒಂದು ಮರ ಕಡಿಯೋಣವೆಂದು ಅದೇ ಅಧ್ಯಕ್ಷರು ಕೊಡಲಿ ಹಿಡಿದು ಬಂದರು. “ಇವತ್ತ ಯಾವ ಠರಾವೂ ಇಲ್ಲ, ಹೂಂ ಅನ್ನೋ ಕಾಸಿಮಾ.” ಅವರು ತೋರಿಸಿದ್ದು ಅವಳೇ ಕೊಡ ಹೊತ್ತು ನೀರು ಹಾಕಿ ಬೆಳೆಸಿದ ಮರ. ಕಾಸಿಮಸಾಬ ರುಮಾಲು ಸುತ್ತಿದ. ಗಂಟಿನ ಅಳತೆಗೆ ಮರ ನಾಲ್ಕು ಬೆರಳು ಕಡಿಮೆ ಬಿತ್ತು. ರುಮಾಲನ್ನು ಮತ್ತೆ ತಲೆಗೆ ಕಟ್ಟಿಕೊಂಡು ಮನೆಗೆ ನಡೆದು, ತನ್ನ ಬಾಗಿಲನ್ನೇ ಕಳಚಿ ಹೊತ್ತು ತಂದ. ಅವನ ಹೊಸ್ತಿಲಲ್ಲಿ ಈಗ ಗೋಣಿತಾಟು ತೂಗುತ್ತದೆ. ತೋಪಿನಲ್ಲಿ ಅವಳ ಮರ ಶಾಲೆಯ ಬೆಂಚಾಗಲು ಇನ್ನೆರಡೇ ಬೆರಳು ಬಾಕಿ.